ದೋಣಿಯ ಬಿಳಿ ವಿನೈಲ್ ಸೀಟಿಗೆ ಹತ್ತಿದ ಬಟ್ಟೆಯ ಬಣ್ಣ ತೆಗೆಯುವುದು ಹೇಗೆ?

ಒದ್ದೆ ಜೀನ್ಸಲ್ಲಿ ಕೂತು ಎದ್ದ ಜಾಗದಲ್ಲಿ ನೀಲಿ ಕಲೆ ಉಳಿದಿದ್ದರೆ ಮೊದಲು ಮಾಡಬೇಕಾದ್ದು, ತಡಮಾಡದೆ ಒರೆಸುವುದು. ವಿನೈಲ್ ಮೆತ್ತಗಿರಲು ಅದರಲ್ಲಿ ಎಣ್ಣೆಯಂಥ ಪದಾರ್ಥ ಸೇರಿಸಿರುತ್ತಾರೆ. ಬಟ್ಟೆಯ ಬಣ್ಣ ಅದರೊಳಗೆ ನಿಧಾನವಾಗಿ ಇಳಿಯುತ್ತದೆ, ಬಿಸಿಲಿಗೆ ಕಾದರೆ ಇನ್ನೂ ಬೇಗ. ಮೇಲಿರುವಾಗ ಒರೆಸಿದರೆ ಹೋಗುವ ಕಲೆ, ಒಳಗಿಳಿದ ಮೇಲೆ ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

ಉಗುರು ಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಮೆತ್ತನೆಯ ಬ್ರಷ್‌ನಿಂದ ಉಜ್ಜಿ. ಹೋಗದಿದ್ದರೆ 70% ಐಸೊಪ್ರೊಪೈಲ್ ಆಲ್ಕೋಹಾಲ್ (ರಬ್ಬಿಂಗ್ ಆಲ್ಕೋಹಾಲ್) ಬಳಸಿ. ಮೊದಲು ಸೀಟಿನ ಕಾಣದ ಮೂಲೆಯಲ್ಲಿ ಹಚ್ಚಿ ನೋಡಿ. ಬಿಳಿ ಬಟ್ಟೆಯನ್ನೇ ಬಳಸಿ, ಬಣ್ಣದ ಬಟ್ಟೆ ಇನ್ನೊಂದು ಕಲೆ ತರಬಹುದು ಅಲ್ವಾ? ಒತ್ತಿ ಒತ್ತಿ ತೆಗೆಯಿರಿ. ಬಟ್ಟೆಗೆ ನೀಲಿ ಹತ್ತುತ್ತಿದ್ದರೆ ಕಲೆ ಬಿಡುತ್ತಿದೆ ಎಂದರ್ಥ. ಪ್ರತಿ ಸಲ ಬಟ್ಟೆಯ ಹೊಸ ಭಾಗಕ್ಕೆ ತಿರುಗಿಸಿಕೊಳ್ಳಿ. ಬಟ್ಟೆಗೆ ಏನೂ ಹತ್ತದಿದ್ದಾಗ ನಿಲ್ಲಿಸಿ ನೀರಿನಲ್ಲಿ ತೊಳೆಯಿರಿ. ಆಲ್ಕೋಹಾಲ್ ಹೊತ್ತಿಕೊಳ್ಳುತ್ತದೆ, ಎಂಜಿನ್ ಬಿಸಿಯಿದ್ದಾಗ ಬೇಡ.

ಅಸಿಟೋನ್ (ನೇಲ್ ಪಾಲಿಶ್ ತೆಗೆಯಲು ಬಳಸುವ ದ್ರವ) ಮಾತ್ರ ಮುಟ್ಟಲೇಬೇಡಿ. ಅದು ವಿನೈಲ್‌ನ ಮೇಲ್ಪದರವನ್ನೇ ಮೆತ್ತಗೆ ಮಾಡಿ ಅಂಟಂಟಾಗಿಸುತ್ತದೆ. ಬ್ಲೀಚ್ ಹೊಲಿಗೆಯ ದಾರ ಕೆಡಿಸುತ್ತದೆ. ಮೆಲಮೈನ್ ಸ್ಪಂಜು (‘ಮ್ಯಾಜಿಕ್ ಇರೇಸರ್’ ಎನ್ನುವ ಬಿಳಿ ಸ್ಪಂಜು) ಕಲೆ ತೆಗೆಯುವುದು ನಿಜ, ಆದರೆ ಅದು ತೀರಾ ನಯವಾದ ಮರಳು ಕಾಗದದ ಹಾಗೆ. ಜಾಸ್ತಿ ಉಜ್ಜಿದರೆ ಹೊಳಪು ಹೋಗಿ ಕೊಳೆ ಬೇಗ ಹಿಡಿಯುತ್ತದೆ.

ಹಳೆಯ ಕಲೆ ಪೂರ್ತಿ ಹೋಗದಿರಬಹುದು. ಸುಮ್ನೆ ತಿಕ್ಕುತ್ತಾ ಕೂತು ಸೀಟು ಹಾಳು ಮಾಡಿಕೊಳ್ಳುವುದಕ್ಕಿಂತ, ವಿನೈಲ್‌ಗೆಂದೇ ಸಿಗುವ ಪೇಂಟ್ ಹೊಡೆಸಿ ಅಥವಾ ಆ ಕವರ್ ಒಂದನ್ನೇ ಬದಲಿಸಿ.