ಅಜ್ಜಿಯ ಅಣ್ಣನ ಕುಡಿಗಳನ್ನು ಡಿಎನ್‌ಎ ಡೇಟಾಬೇಸಿನಲ್ಲಿ ಹುಡುಕಬಹುದೇ?

ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ. ಉಡುಪಿ ಕಡೆಯವರಾದ ನಿಮ್ಮ ತಾಯಿಯ ಸೋದರಮಾವ ಸ್ವಾತಂತ್ರ್ಯಕ್ಕೆ ಮುಂಚೆ ಮುಂಬಯಿಯಲ್ಲಿ ಹಡಗು ಹತ್ತಿ ಉಗಾಂಡಾದ ಕಂಪಾಲಾಕ್ಕೆ ಹೋದರು, ಅಲ್ಲಿಯೇ ಸಂಸಾರ ಹೂಡಿದರು, 1960ರ ದಶಕದ ನಂತರ ಅವರಿಂದ ಪತ್ರ ಬರಲಿಲ್ಲ. ಅವರ ಮಕ್ಕಳು ಮೊಮ್ಮಕ್ಕಳನ್ನು ಜೆಡ್‌ಮ್ಯಾಚ್‌ನಂಥ ಸಾರ್ವಜನಿಕ ಡಿಎನ್‌ಎ ಡೇಟಾಬೇಸಿನಲ್ಲಿ ಹುಡುಕಬಹುದೇ, ಎಲ್ಲರದೂ ಒಂದೇ ಬಳಿ (ತಾಯಿಯ ಕಡೆಯಿಂದ ಬರುವ ಕುಲ) ಆದ್ದರಿಂದ ತಾಯಿಯ ಕಡೆಯ ಡಿಎನ್‌ಎ ಪರೀಕ್ಷೆಯೊಂದೇ ಸಾಕೇ, ಇದರಲ್ಲಿ ಅಪಾಯವೇನಾದರೂ ಇದೆಯೇ ಎಂದು ಕೇಳಿದ್ದೀರಿ. ನಿಮ್ಮ ತಮ್ಮ ಲಂಡನ್ನಿನಲ್ಲಿದ್ದಾರೆ ಎಂದೂ ತಿಳಿಸಿದ್ದೀರಿ. ನಾನು ಆರು ವರ್ಷಗಳಿಂದ ನಮ್ಮ ಮನೆತನದ ಹುಡುಕಾಟಕ್ಕೆ ಇದೇ ಸಾಧನವನ್ನು ಬಳಸುತ್ತಿದ್ದೇನೆ. ನಾನು ಮಾಡಿದ ಒಂದು ದೊಡ್ಡ ತಪ್ಪನ್ನು ನೀವು ಮಾಡಬಾರದೆಂಬ ಕಳಕಳಿಯಿಂದ ಬರೆಯುತ್ತಿದ್ದೇನೆ.

ಮೊದಲು ಬಳಿಯ ವಿಷಯ. ತಾಯಿಯ ಕಡೆಯಿಂದ ವಂಶವನ್ನು ಎಣಿಸುವ ಅಳಿಯಸಂತಾನದಲ್ಲಿ ಬಳಿ ಹೇಗೆ ತಾಯಿಯಿಂದ ಬರುತ್ತದೆಯೋ ಹಾಗೆಯೇ ಮೈಟೊಕಾಂಡ್ರಿಯದ (ಜೀವಕೋಶದೊಳಗೆ ಶಕ್ತಿ ಒದಗಿಸುವ ಪುಟ್ಟ ಭಾಗದ) ಡಿಎನ್‌ಎ ಕೂಡ ತಾಯಿಯಿಂದ ಮಾತ್ರ ಬರುತ್ತದೆ. ನಿಮ್ಮ ಅಜ್ಜಿ ಮತ್ತು ಅವರ ಅಣ್ಣ ಅದನ್ನು ಒಬ್ಬಳೇ ತಾಯಿಯಿಂದ ಪಡೆದವರು, ಅಜ್ಜಿಯ ಮೂಲಕ ಅದು ನಿಮ್ಮ ತಾಯಿಗೂ ನಿಮಗೂ ಬಂದಿದೆ. ಆದರೆ ಅಣ್ಣ ಗಂಡಸು. ತನ್ನ ಬಳಿಯನ್ನು ಮಕ್ಕಳಿಗೆ ಕೊಡಲಾರದ ಹಾಗೆಯೇ ತನ್ನ ಮೈಟೊಕಾಂಡ್ರಿಯವನ್ನೂ ಅವರು ಮಕ್ಕಳಿಗೆ ಕೊಟ್ಟಿರಲಾರರು. ಕಂಪಾಲಾದಲ್ಲಿ ಹುಟ್ಟಿದ ಮಕ್ಕಳು ತಮ್ಮ ತಾಯಿಯ ಬಳಿಗೆ ಸೇರಿದವರು, ಅವರ ಮೈಟೊಕಾಂಡ್ರಿಯವೂ ಆಕೆಯದೇ. ಆದ್ದರಿಂದ ಮೈಟೊಕಾಂಡ್ರಿಯವನ್ನು ಮಾತ್ರ ನೋಡುವ ಆ ತಾಯಿಯ ಕಡೆಯ ಪರೀಕ್ಷೆ ನಿಮ್ಮ ಕೆಲಸಕ್ಕೆ ಬರುವುದಿಲ್ಲ. ಸಾಲದ್ದಕ್ಕೆ ಈ ಡಿಎನ್‌ಎ ಬಹಳ ನಿಧಾನವಾಗಿ ಬದಲಾಗುವುದರಿಂದ, ಅಲ್ಲಿ ಪೂರ್ತಿ ಹೊಂದಿಕೆ ಕಂಡರೂ ಇಬ್ಬರಿಗೂ ಮೂಲಳಾದ ತಾಯಿ ಸಾವಿರಾರು ವರ್ಷಗಳ ಹಿಂದೆ ಬಾಳಿದವಳಾಗಿರಬಹುದು.

ನಿಮಗೆ ಬೇಕಾದುದು ಆಟೊಸೋಮಲ್ ಪರೀಕ್ಷೆ, ಎಂದರೆ ತಂದೆ ತಾಯಿ ಇಬ್ಬರಿಂದಲೂ ಅರ್ಧರ್ಧ ಬರುವ ಇಪ್ಪತ್ತೆರಡು ಜೊತೆ ವರ್ಣತಂತುಗಳ ಪರೀಕ್ಷೆ. ಇಲ್ಲಿ ಸಂಬಂಧವನ್ನು, ಎಂದರೆ ಇಬ್ಬರಲ್ಲೂ ಒಂದೇ ಆಗಿರುವ ಡಿಎನ್‌ಎ ತುಣುಕುಗಳ ಒಟ್ಟು ಉದ್ದವನ್ನು, ಸೆಂಟಿಮಾರ್ಗನ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ತಾಯಿ ಮತ್ತು ಮಗುವಿನ ನಡುವೆ ಅದು ಸುಮಾರು 3,500 ಇರುತ್ತದೆ. ನಿಮಗೂ ಅಜ್ಜಿಯ ಅಣ್ಣನ ಮೊಮ್ಮಕ್ಕಳಿಗೂ ಸರಾಸರಿ 230ರ ಆಸುಪಾಸು ಇರಬಹುದು. ಆದರೆ ಅದೇ ಮೊಮ್ಮಕ್ಕಳಿಗೂ ನಿಮ್ಮ ತಾಯಿಗೂ ನಡುವೆ ಸರಾಸರಿ 430 ಇರುತ್ತದೆ. ಒಂದು ತಲೆಮಾರು ಮೇಲೆ ಹೋದರೆ ಹೊಂದಿಕೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಹಾಗಾಗಿ ಪರೀಕ್ಷೆ ಮಾಡಿಸಬೇಕಾದವರು ನಿಮ್ಮ ತಾಯಿ, ನೀವಲ್ಲ, ನಿಮ್ಮ ತಮ್ಮನೂ ಅಲ್ಲ. ಮುಂದೊಮ್ಮೆ ಅವರು ಮಗನ ಮನೆಗೆ ಲಂಡನ್ನಿಗೆ ಹೋದಾಗ ಮಾಡಿಸಿದರೆ ಸುಲಭ.

ನಾನು ಅಮ್ಮನಿಗೆ ಪರೀಕ್ಷೆ ಮಾಡಿಸಿದ್ದು ಅವರು ನ್ಯೂಜೆರ್ಸಿಯ ನಮ್ಮ ಮನೆಗೆ ಬಂದಿದ್ದಾಗ. ಅರ್ಧ ಗಂಟೆ ಏನನ್ನೂ ತಿನ್ನದೆ ಕುಡಿಯದೆ ಇದ್ದು, ಬೆರಳಿನಷ್ಟು ಉದ್ದದ ನಳಿಗೆಯಲ್ಲಿ ಗೆರೆಯವರೆಗೆ ಉಗುಳು ತುಂಬಬೇಕಿತ್ತು. ಎಪ್ಪತ್ತೆಂಟರ ಅವರಿಗೆ ಬಾಯಿ ಒಣಗಿ ಉಗುಳೇ ಬರುತ್ತಿರಲಿಲ್ಲ. "ಎಂಜಲಾ ಡಬ್ಬ್ಯಾಗ ತುಂಬಿ ಪೋಸ್ಟಿಗೆ ಹಾಕ್ತೀಯೇನೋ?" ಎಂದು ಸಂಕೋಚಪಟ್ಟರು. ಕೊನೆಗೆ ನನ್ನ ಹೆಂಡತಿ ಅವರೆದುರು ಹುಣಸೆಹಣ್ಣಿನ ಉಂಡೆಯನ್ನು ಬಿಡಿಸುತ್ತಾ ಕುಳಿತಳು, ಅದನ್ನು ನೋಡಿದ್ದೇ ಬಾಯಲ್ಲಿ ನೀರೂರಿ ಹತ್ತು ನಿಮಿಷದಲ್ಲಿ ನಳಿಗೆ ತುಂಬಿತು. ಆರೇಳು ವಾರದ ಮೇಲೆ ಫಲಿತಾಂಶ ಬಂತು. ಅದರ ಜೊತೆಗೆ ಲಕ್ಷಾಂತರ ಸಾಲುಗಳ ಒಂದು ಕಡತವನ್ನು ಇಳಿಸಿಕೊಳ್ಳಲು ಕೊಡುತ್ತಾರೆ. ಜೆಡ್‌ಮ್ಯಾಚ್‌ಗೆ ಏರಿಸಬೇಕಾದದ್ದು ಆ ಕಡತವನ್ನೇ.

ಜೆಡ್‌ಮ್ಯಾಚ್ ಪರೀಕ್ಷೆ ಮಾಡುವ ಕಂಪನಿಯಲ್ಲ. 2010ರಲ್ಲಿ ಕರ್ಟಿಸ್ ರಾಜರ್ಸ್ ಮತ್ತು ಜಾನ್ ಓಲ್ಸನ್ ಎಂಬ ಇಬ್ಬರು ವಂಶಾವಳಿಯ ಆಸಕ್ತರು ಅದನ್ನು ಆರಂಭಿಸಿದರು. ಹೆಚ್ಚಿನ ಕಂಪನಿಗಳು ತಮ್ಮ ಗಿರಾಕಿಗಳ ನಡುವೆ ಮಾತ್ರ ಹೋಲಿಕೆ ತೋರಿಸುತ್ತವೆ, ಜೆಡ್‌ಮ್ಯಾಚ್ ಮಾತ್ರ ಬೇರೆ ಬೇರೆ ಕಂಪನಿಗಳಲ್ಲಿ ಪರೀಕ್ಷೆ ಮಾಡಿಸಿದವರೆಲ್ಲ ಬಂದು ಸೇರುವ ಸಂತೆಯಂತಿದೆ. ಅಲ್ಲಿರುವ ಬಹುಪಾಲು ಜನ ಯುರೋಪ್ ಮೂಲದವರು, ನಮ್ಮವರು ಕಡಿಮೆ. ಆದರೂ ನಿಮ್ಮ ವಿಷಯದಲ್ಲಿ ನನಗೆ ಭರವಸೆಯಿದೆ. 1972ರಲ್ಲಿ ಇದಿ ಅಮೀನ್ ಏಷ್ಯಾದವರಿಗೆ ತೊಂಬತ್ತು ದಿನಗಳ ಗಡುವು ಕೊಟ್ಟು ಉಗಾಂಡಾದಿಂದ ಹೊರಗೆ ಕಳುಹಿಸಿದಾಗ ಸಾವಿರಾರು ಕುಟುಂಬಗಳು ಬ್ರಿಟನ್ನಿಗೂ ಕೆನಡಾಕ್ಕೂ ಹೋಗಿ ನೆಲೆಸಿದವು, ಮತ್ತು ಇಂಥ ಪರೀಕ್ಷೆಗಳು ಚಾಲ್ತಿಯಲ್ಲಿರುವುದು ಆ ದೇಶಗಳಲ್ಲಿಯೇ. ನಿಮ್ಮ ನೆಂಟರ ಪತ್ರಗಳು ನಿಂತದ್ದಕ್ಕೂ ಆ ಸ್ಥಳಾಂತರಕ್ಕೂ ಸಂಬಂಧವಿದೆಯೇ ಎಂಬುದನ್ನು ಕೊನೆಯ ಪತ್ರದ ತಾರೀಖು ನೋಡಿ ಪರಿಶೀಲಿಸಿ.

ಇನ್ನು ನನ್ನ ತಪ್ಪು. ಅಮ್ಮನ ಪಟ್ಟಿಯಲ್ಲಿ ಟೊರಾಂಟೊದ ಒಬ್ಬ ಅಪರಿಚಿತರ ಜೊತೆ 210 ಸೆಂಟಿಮಾರ್ಗನ್ ಹೊಂದಿಕೆ ಕಂಡಿತು. ಎಷ್ಟು ಸೆಂಟಿಮಾರ್ಗನ್‌ಗೆ ಯಾವ ಸಂಬಂಧ ಎಂದು ತಿಳಿಸುವ ಕೋಷ್ಟಕದ ಪ್ರಕಾರ ಅಷ್ಟು ಹೊಂದಿಕೆಯಿದ್ದರೆ ಇಬ್ಬರ ಮುತ್ತಜ್ಜ ಒಬ್ಬನೇ ಆಗಿರುವ ಸಂಭವ ಹೆಚ್ಚು. ಅದನ್ನು ನಂಬಿ ನಾನು ಎಂಟು ತಿಂಗಳು ಆ ತಲೆಮಾರಿನಲ್ಲಿಯೇ ತಡಕಾಡಿದೆ, ಯಾರೂ ಸಿಗಲಿಲ್ಲ. ನಾನು ಲೆಕ್ಕಕ್ಕೆ ಹಿಡಿಯದೆ ಬಿಟ್ಟದ್ದು ನಮ್ಮ ಕಡೆಯ ಸೋದರಿಕೆಯ ಮದುವೆಗಳನ್ನು. ಅಮ್ಮನ ಅಜ್ಜ ತನ್ನ ಸ್ವಂತ ಅಕ್ಕನ ಮಗಳನ್ನೇ ಮದುವೆಯಾಗಿದ್ದರು. ಹೀಗಾಗಿ ಅಜ್ಜನ ತಂದೆ ತಾಯಿಯ ಡಿಎನ್‌ಎ ಅಮ್ಮನಿಗೆ ಅಜ್ಜನಿಂದ ಒಂದು ದಾರಿಯಲ್ಲಿ, ಅಜ್ಜಿಯಿಂದ ಇನ್ನೊಂದು ದಾರಿಯಲ್ಲಿ, ಎರಡು ಬಾರಿ ಬಂದಿತ್ತು. ಕೋಷ್ಟಕ ಎಲ್ಲರೂ ಒಂದೇ ದಾರಿಯಲ್ಲಿ ಸಂಬಂಧಿಕರೆಂದು ಭಾವಿಸಿಕೊಂಡು ಮಾಡಿದ್ದು. ಎರಡು ದಾರಿಗಳ ಮೊತ್ತವನ್ನು ಒಂದೇ ಎಂದು ಓದಿದರೆ ದೂರದ ನೆಂಟ ಹತ್ತಿರದವನಾಗಿ ಕಾಣುತ್ತಾನೆ. ಅಮ್ಮನಿಗೆ ಮುತ್ತಜ್ಜನಾದವನು ಟೊರಾಂಟೊದವರಿಗೆ ಮುತ್ತಜ್ಜನ ತಂದೆಯಾಗಿದ್ದ. ನಾನು ಅವರ ಕಡೆಯಲ್ಲಿ ಒಂದು ತಲೆಮಾರು ಕೆಳಗೆ ಹುಡುಕುತ್ತಿದ್ದೆ.

ಇದನ್ನು ಬಿಡಿಸಿದ್ದು ಕಂಪ್ಯೂಟರ್ ಅಲ್ಲ. ನಮ್ಮ ಊರಿಗೆ ಕೆಲವು ವರ್ಷಕ್ಕೊಮ್ಮೆ ಹೆಳವರು ಬಂದು, ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಹೊತ್ತಿಗೆಯಿಂದ ಮನೆತನದ ವಂಶಾವಳಿಯನ್ನು ಓದಿ ಹೇಳಿ ಕಾಳುಕಡಿ ಪಡೆದು ಹೋಗುತ್ತಾರೆ. ಆ ಹೊತ್ತಿಗೆಯಲ್ಲಿ ಮುತ್ತಜ್ಜನ ಗಂಡುಮಕ್ಕಳ ಹೆಸರೂ ಅವರಲ್ಲೊಬ್ಬರು ಬೇರೆ ಊರಿಗೆ ಹೋದದ್ದೂ ಇತ್ತು, ಹೆಣ್ಣುಮಕ್ಕಳು ಇರಲಿಲ್ಲ. ಯಾರ ಅಕ್ಕನ ಮಗಳನ್ನು ಯಾರಿಗೆ ಕೊಟ್ಟಿದ್ದರು ಎಂಬುದು ಅಮ್ಮನ ನೆನಪಿನಲ್ಲಿತ್ತು. ಎರಡನ್ನೂ ಸೇರಿಸಿದಾಗ 210ಕ್ಕೆ ಲೆಕ್ಕ ಸಿಕ್ಕಿತು. ಕರ್ನಾಟಕದಲ್ಲಿ ಈಗಲೂ ಕಾಲು ಭಾಗಕ್ಕಿಂತ ಹೆಚ್ಚು ಮದುವೆಗಳು ರಕ್ತಸಂಬಂಧದಲ್ಲಿಯೇ ಆಗುತ್ತವೆ ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಹಿಂದಿನ ತಲೆಮಾರುಗಳ ಮಾತಂತೂ ಹೇಳಬೇಕಾಗಿಲ್ಲ. ಆದ್ದರಿಂದ ಒಟ್ಟು ಅಂಕಿಗಿಂತ ಅತಿ ಉದ್ದದ ತುಣುಕು ಎಷ್ಟು ಎಂಬುದನ್ನು ನೋಡಿ. ಅಮ್ಮನ 210ರಲ್ಲಿ ಅತಿ ಉದ್ದದ ತುಣುಕು 23 ಮಾತ್ರ ಇತ್ತು, ಉಳಿದವೆಲ್ಲ ಚಿಕ್ಕ ಚಿಕ್ಕ ಚೂರುಗಳು. ಹತ್ತಿರದ ಒಂದೇ ಸಂಬಂಧವಾಗಿದ್ದರೆ ಕೆಲವೇ ತುಣುಕುಗಳು, ಅವೂ ಉದ್ದವಾದವು, ಇರುವ ಸಾಧ್ಯತೆ ಹೆಚ್ಚು. ಈ ಸೂಚನೆ ಮೊದಲ ದಿನದಿಂದಲೂ ನನ್ನ ಕಣ್ಣೆದುರಿಗೇ ಇತ್ತು.

ಅಪಾಯದ ಪ್ರಶ್ನೆಯನ್ನು ನೀವು ಕೇಳಿದ್ದು ಒಳ್ಳೆಯದಾಯಿತು. 2018ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯದ ಪೊಲೀಸರು ದಶಕಗಳ ಹಿಂದಿನ ಸರಣಿ ಕೊಲೆಗಳ ಆರೋಪಿ ಜೋಸೆಫ್ ಡಿ ಆಂಜೆಲೊನನ್ನು ಹಿಡಿದದ್ದು ಜೆಡ್‌ಮ್ಯಾಚ್‌ ಸೇರಿದಂತೆ ಇಂಥ ಡೇಟಾಬೇಸುಗಳಲ್ಲಿದ್ದ ಅವನ ದೂರದ ನೆಂಟರ ಡಿಎನ್‌ಎ ಜಾಡು ಹಿಡಿದು. ಆ ನೆಂಟರು ಅದನ್ನು ಏರಿಸಿದ್ದು ವಂಶಾವಳಿಗಾಗಿ. 2019ರ ಮೇ ತಿಂಗಳಿನಿಂದ, ನೀವಾಗಿಯೇ ಒಪ್ಪಿಗೆ ಕೊಟ್ಟರೆ ಮಾತ್ರ ಪೊಲೀಸರ ಹುಡುಕಾಟಕ್ಕೆ ನಿಮ್ಮ ಮಾಹಿತಿ ಸೇರುತ್ತದೆ ಎಂಬ ನಿಯಮ ಬಂತು, ಆದರೆ 2020ರ ಜುಲೈನಲ್ಲಿ ಯಾರೋ ಜೆಡ್‌ಮ್ಯಾಚ್‌ನೊಳಗೆ ನುಗ್ಗಿದಾಗ ಕೆಲವು ಗಂಟೆಗಳ ಕಾಲ ಎಲ್ಲರ ಆಯ್ಕೆಯೂ ಪೊಲೀಸರಿಗೆ ಸಿಗುವಂತೆ ಬದಲಾಗಿಹೋಗಿತ್ತು. ಖಾಸಗಿ ಕಂಪನಿಗಳೂ ಇದಕ್ಕೆ ಹೊರತಲ್ಲ: 2023ರಲ್ಲಿ ಡಿಎನ್‌ಎ ಪರೀಕ್ಷೆ ಮಾಡುವ 23ಆ್ಯಂಡ್‌ಮಿಯ ಸುಮಾರು 69 ಲಕ್ಷ ಜನರ ಮಾಹಿತಿ ಸೋರಿತು, 2025ರ ಮಾರ್ಚ್‌ನಲ್ಲಿ ಆ ಕಂಪನಿ ದಿವಾಳಿ ಅರ್ಜಿ ಹಾಕಿತು. ಪಾಸ್‌ವರ್ಡನ್ನಾದರೆ ಬದಲಾಯಿಸಿಕೊಳ್ಳಬಹುದು, ಡಿಎನ್‌ಎಯನ್ನು ಬದಲಾಯಿಸಲಾಗದು. ನಿಮ್ಮ ತಾಯಿಯ ಕಡತದಲ್ಲಿ ನಿಮ್ಮದೂ, ತಮ್ಮನದೂ, ಇನ್ನೂ ಹುಟ್ಟದವರದೂ ಪಾಲಿದೆ. ನಾನು ನನ್ನ ಇಬ್ಬರು ತಂಗಿಯರನ್ನು ಕೇಳಿ, ಅವರು ಒಪ್ಪಿದ ಮೇಲೆಯೇ ಏರಿಸಿದೆ. ಹೆಸರಿನ ಬದಲು ಇನಿಷಿಯಲ್ ಹಾಕಿದೆ, ಬೇರೆಲ್ಲೂ ಬಳಸದ ಇಮೇಲ್ ಕೊಟ್ಟೆ, ಪೊಲೀಸರ ಹುಡುಕಾಟಕ್ಕೆ ಒಪ್ಪಿಗೆ ಕೊಡಲಿಲ್ಲ. ಜೊತೆಗೆ, ಯಾರೂ ನಿರೀಕ್ಷಿಸದ ಮಲಸಹೋದರನೊಬ್ಬ ಪಟ್ಟಿಯಲ್ಲಿ ಕಾಣಿಸಿಕೊಳ್ಳುವುದೂ ಉಂಟು. ಹಾಗಾದರೆ ಅದನ್ನು ತಾಯಿಗೆ ಯಾರು ಹೇಳಬೇಕು, ಹೇಳಬೇಕೇ ಬೇಡವೇ ಎಂಬುದನ್ನು ಫಲಿತಾಂಶ ಬರುವ ಮೊದಲೇ ಮನೆಯಲ್ಲಿ ಮಾತಾಡಿಕೊಳ್ಳಿ.

ನಂತರ ಹೊಂದಿಕೆಯೊಂದು ಸಿಕ್ಕರೆ, ಮೊದಲ ಪತ್ರದಲ್ಲಿ ಅಂಕಿಗಳನ್ನು ತುಂಬಬೇಡಿ. ನಾನು ಸೆಂಟಿಮಾರ್ಗನ್‌ಗಳ ಬಗ್ಗೆ ಎರಡು ಪುಟ ಬರೆದಾಗ ಟೊರಾಂಟೊದವರಿಂದ ಉತ್ತರವೇ ಬರಲಿಲ್ಲ. ಊರಿನ ಹೆಸರು, ಮನೆಯ ಹೆಸರು, ಹೊರಟುಹೋದವರ ಹೆಸರು ಮಾತ್ರ ನಾಲ್ಕು ಸಾಲಿನಲ್ಲಿ ಬರೆದಾಗ ಮೂರನೆಯ ದಿನ ಉತ್ತರ ಬಂತು. ಅವರ ಅಜ್ಜಿ ಪ್ರತಿ ಹಬ್ಬದಲ್ಲೂ ಒಂದು ಊರಿನ ಹೆಸರು ಹೇಳುತ್ತಿದ್ದರಂತೆ, ಅದನ್ನು ಹೇಗೆ ಬರೆಯುವುದೆಂದು ಮೊಮ್ಮಕ್ಕಳಿಗೆ ತಿಳಿಯದೆ ನಕಾಶೆಯಲ್ಲಿ ಹುಡುಕಲು ಆಗಿರಲಿಲ್ಲ.