ಆರು ಚಕ್ರದ ಕಾರು: ಮಿಸಳ್ ಪಂದ್ಯ ಗೆದ್ದದ್ದು ಯಾರು?

ಪ್ರಶ್ನೆ: ಸರ್, ಪುಣೆಯ ಭೋಸರಿಯಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತೇನೆ. ಊರು ವಿಜಯಪುರದ ಕಡೆ. ಮೊಬೈಲಿಗೆ ಆರು ಚಕ್ರದ ಹಳೇ ರೇಸ್ ಕಾರಿನ ಫೋಟೊ ಬಂತು. ನಿಜವಾದ ಕಾರು ಅಂದಿದ್ದಕ್ಕೆ ಚಹಾ ಅಂಗಡಿಯಲ್ಲಿ ಎಲ್ಲರೂ ನಕ್ಕರು. ಒಂದು ವಾರದ ಮಿಸಳ್ ಪಾವ್ ಪಂದ್ಯ ಕಟ್ಟಿದ್ದೇನೆ. ಗೆಲ್ಲುತ್ತೇನಾ?

ಉತ್ತರ: ಆರಾಮಾಗಿ ತಿನ್ನಿ, ಗೆದ್ದಿದ್ದೀರಿ. ಅದು ಟಿರೆಲ್ ತಂಡದ ಪಿ34 ಅನ್ನೋ ಫಾರ್ಮುಲಾ ಒನ್ ರೇಸ್ ಕಾರು. ಮುಂದೆ ನಾಲ್ಕು ಪುಟ್ಟ ಚಕ್ರ, ಹಿಂದೆ ಎರಡು ದೊಡ್ಡವು. 1976ರಲ್ಲಿ ಸ್ವೀಡನ್ ಗ್ರ್ಯಾನ್ ಪ್ರಿಯಲ್ಲಿ ಜೋಡಿ ಶೆಕ್ಟರ್ ಅದನ್ನು ಓಡಿಸಿ ಗೆದ್ದರು. ಎರಡನೆಯದಾಗಿ ಬಂದದ್ದೂ ಅಂಥದ್ದೇ ಕಾರು.

ಯಾಕೆ ಮಾಡಿದರು ಅನ್ನೋದು ನಿಮ್ಮಂಥ ಕೆಲಸಗಾರರಿಗೆ ಚೆನ್ನಾಗಿ ತಿಳಿಯುತ್ತೆ. ಆಗ ಕಾಸ್ವರ್ತ್ ಡಿಎಫ್‌ವಿ ಅಂತ 3 ಲೀಟರ್, ಎಂಟು ಸಿಲಿಂಡರ್‌ನ ಎಂಜಿನ್ ಇತ್ತು, ದುಡ್ಡು ಕೊಟ್ಟರೆ ಸಣ್ಣ ತಂಡಕ್ಕೂ ಸಿಗುತ್ತಿತ್ತು, ಹಾಗಾಗಿ ಫೆರಾರಿಯಂಥ ಕೆಲವರನ್ನು ಬಿಟ್ಟರೆ ಹೆಚ್ಚಿನವರ ಹತ್ತಿರ ಅದೇ ಎಂಜಿನ್, ಅದೇ ಗುಡ್‌ಇಯರ್ ಟೈರು. ಎಲ್ಲರದೂ ಒಂದೇ ಆದರೆ ಮುಂದೆ ಹೋಗೋದು ಹೇಗೆ? ಡಿಸೈನರ್ ಡೆರೆಕ್ ಗಾರ್ಡನರ್ ಮುಂದಿನ ದಪ್ಪ ಟೈರುಗಳ ಮೇಲೆ ಕಣ್ಣು ಹಾಕಿದರು. ಅವು ಗಾಳಿಗೆ ಅಡ್ಡ ನಿಲ್ಲುತ್ತವೆ. ಚಿಕ್ಕದು ಮಾಡಿ ಮೂತಿಯ ಹಿಂದೆ ಮುಚ್ಚಿಟ್ಟರೆ ಹಿಡಿತ ಸಾಲದು. ಸರಿ, ನಾಲ್ಕು ಹಾಕಿದರು! ರಿಮ್ 10 ಇಂಚು. ನಿಮ್ಮ ಪಕ್ಕದ ಆಕುರ್ಡಿಯಲ್ಲಿ ತಯಾರಾಗುತ್ತಿದ್ದ ಹಳೇ ಚೇತಕ್ ಸ್ಕೂಟರಿನದೂ 10 ಇಂಚೇ, ಅಗಲ ಮಾತ್ರ ಬೇರೆ. ಒಳಗೆ ಕೂತವನಿಗೆ ಆ ಚಕ್ರ ಕಾಣೋದಿಲ್ಲ ಅಂತ ಬಾಡಿಯ ಎರಡೂ ಪಕ್ಕ ಸಣ್ಣ ಕಿಟಕಿ ಬೇರೆ ಇಟ್ಟರು.

ಮಾಲೀಕ ಕೆನ್ ಟಿರೆಲ್ ಮರದ ವ್ಯಾಪಾರಿ. ಕಾರು ಕಟ್ಟಿದ್ದು ಟಿಂಬರ್ ಯಾರ್ಡಿನಲ್ಲಿ. ನನಗೆ ಎಪ್ಪತ್ತರ ದಶಕ ಇಷ್ಟವಾಗೋದೇ ಇದಕ್ಕೆ. ಆದರೆ ಆ ಪುಟ್ಟ ಟೈರು ಬೇಕಾಗಿದ್ದದ್ದು ಇವರೊಬ್ಬರಿಗೇ. ಒಬ್ಬ ಗಿರಾಕಿಗೋಸ್ಕರ ಕಂಪನಿ ಎಷ್ಟು ಸುಧಾರಿಸೀತು? 1978ಕ್ಕೆ ಮತ್ತೆ ನಾಲ್ಕು ಚಕ್ರಕ್ಕೇ ಬಂದರು.

ಪ್ರಶ್ನೆ: ರೇಸ್ ಕಾರಿಗೆ ಫ್ಯಾನ್ ಕಟ್ಟಿದ್ದರಂತೆ, ಹೌದೇ? (ಮಡಗಾಂವ್ ಓದುಗರು)

ಉತ್ತರ: ಹೌದು, ಬ್ರಾಬಮ್ ಅನ್ನೋ ರೇಸ್ ತಂಡದವರು, 1978ರಲ್ಲಿ. ಎಂಜಿನ್ ತಂಪಾಗೋಕೆ ಅಂದರು. ಅಸಲಿಗೆ ಅದು ಕಾರಿನ ಅಡಿಯ ಗಾಳಿ ಎಳೆದು ಕಾರನ್ನು ರಸ್ತೆಗೆ ಅಂಟಿಸುತ್ತಿತ್ತು. ಒಂದೇ ರೇಸ್ ಓಡಿತು, ಗೆದ್ದಿತು, ಬೇರೆಯವರ ಗಲಾಟೆಗೆ ಮನೆ ಸೇರಿತು.

ಪ್ರಶ್ನೆ: 1976ರ ಕೊನೇ ರೇಸನ್ನು ರೇಸರ್ ನಿಕಿ ಲೌಡಾ ಮಳೆಗೆ ಹೆದರಿ ಬಿಟ್ಟರು, ಹೇಡಿ ಅನ್ನುತ್ತಾನೆ ನಮ್ಮ ಅಳಿಯ. ನೀವೇನಂತೀರಿ? (ಡೊಂಬಿವಲಿ ಓದುಗರು)

ಉತ್ತರ: ಅಳಿಯಂದಿರ ಜೊತೆ ಜಗಳ ಹಚ್ಚೋದು ಬೇಡ ಅಂತಿದ್ದೆ, ಆದರೂ ಹೇಳ್ತೀನಿ. ಆ ವರ್ಷ ಆಗಸ್ಟ್ 1ಕ್ಕೆ ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ಲೌಡಾ ಅವರ ಫೆರಾರಿ ಹೊತ್ತಿಕೊಂಡಿತು. ಹಿಂದೆ ಬಂದ ರೇಸರುಗಳೇ ಇಳಿದು ಎಳೆದು ಹಾಕಿದರು. ಆಸ್ಪತ್ರೆಯಲ್ಲಿ ಪಾದ್ರಿ ಬಂದು ಕೊನೆಯ ಪ್ರಾರ್ಥನೆಯನ್ನೂ ಮಾಡಿ ಹೋಗಿದ್ದರು. 42 ದಿನಕ್ಕೆ, ಗಾಯ ಇನ್ನೂ ಒಣಗಿರಲಿಲ್ಲ, ಇಟಲಿಯ ಮೊಂಜಾದಲ್ಲಿ ಓಡಿಸಿ ನಾಲ್ಕನೆಯವರಾದರು. ಹೇಡಿ ಮಾಡೋ ಕೆಲಸವಾ ಇದು?

ಕೊನೇ ರೇಸಿನ ದಿನ ಜಪಾನಿನ ಫುಜಿಯಲ್ಲಿ ಧಾರಾಕಾರ ಮಳೆ. ಸುಟ್ಟ ಕಣ್ಣನ್ನು ಸರಿಯಾಗಿ ಮಿಟುಕಿಸೋಕೂ ಆಗುತ್ತಿರಲಿಲ್ಲ. ಎರಡು ಸುತ್ತಿಗೆ ನಿಲ್ಲಿಸಿದರು. ಎಂಜಿನ್ ಕೆಟ್ಟಿತು ಅಂತ ಹೇಳೋಣ ಅಂದರು ತಂಡದವರು, ಲೌಡಾ ಬೇಡ ಅಂದರು. ವರ್ಷದ ಲೆಕ್ಕದಲ್ಲಿ ಎದುರಾಳಿ ಜೇಮ್ಸ್ ಹಂಟ್‌ಗೆ 69 ಪಾಯಿಂಟ್, ಇವರಿಗೆ 68; ಒಂದೇ ಪಾಯಿಂಟಿನಲ್ಲಿ ಚಾಂಪಿಯನ್‌ಶಿಪ್ ಕೈತಪ್ಪಿತು. ಮರುವರ್ಷ ಚಾಂಪಿಯನ್‌ಶಿಪ್ ಮತ್ತೆ ಲೌಡಾ ಅವರದೇ. ಅಳಿಯನಿಗೆ ಊಟ ಆದಮೇಲೆ ಹೇಳಿ, ಮೊದಲೇ ಬೇಡ.