“ಬಿಚ್ಚಬೇಡಿ” ಎನ್ನಲಾಗದ ಟ್ರಾಲಿ ಕೆಲಸಗಾರ: ಒಂದು ಆಪ್ತಸಲಹೆ ಪ್ರಕರಣ

ಇವರು ಬೆಂಗಳೂರಿನ ಸಿನಿಮಾ ಯೂನಿಟ್ಟುಗಳಲ್ಲಿ ದುಡಿಯುವವರು. ವಯಸ್ಸು ನಲವತ್ತರ ಹತ್ತಿರ. ಕ್ಯಾಮೆರಾದ ಗಾಡಿ ಸಾಗುವ ಹಳಿ, ಅಂದರೆ ಟ್ರ್ಯಾಕ್, ಹಾಸುವುದು, ಆ ಗಾಡಿಯನ್ನು, ಅಂದರೆ ಟ್ರಾಲಿಯನ್ನು, ತಳ್ಳುವುದು, ಜಿಬ್ ಕಟ್ಟುವುದು ಇವರ ಕಸುಬು. ಹೊರದೇಶಗಳಲ್ಲಿ ಇದನ್ನು ಮಾಡುವವರು ಗ್ರಿಪ್‌ಗಳು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ, ಬರೆಯಲು ಅವರ ಒಪ್ಪಿಗೆ ಪಡೆದಿದ್ದೇನೆ.

ಕರೆತಂದವರು ಹೆಂಡತಿ. “ಇವರು ರಾತ್ರಿ ಮಲಗುವುದೇ ಇಲ್ಲ ಮೇಡಂ. ಪಾತ್ರೆ ಬಿದ್ದ ಸದ್ದಿಗೂ ಬೆಚ್ಚುತ್ತಾರೆ, ಮಕ್ಕಳ ಮೇಲೆ ಸಿಡುಕುತ್ತಾರೆ. ಈ ಕೆಲಸ ಬಿಟ್ಟು ಕ್ಯಾಬ್ ಓಡಿಸಿ ಎಂದರೆ ಕಿವಿಗೇ ಹಾಕಿಕೊಳ್ಳುವುದಿಲ್ಲ.” ಗಂಡ ಮಾತನಾಡಲಿಲ್ಲ. ಮುಂದಿನ ಭೇಟಿಗೆ ಒಬ್ಬರೇ ಬಂದಾಗ ನಡೆದದ್ದನ್ನು ಹೇಳಿದರು.

ಜಿಬ್ ಎಂದರೆ ಉದ್ದನೆಯ ತೋಳು. ಒಂದು ತುದಿಯಲ್ಲಿ ಕ್ಯಾಮೆರಾ, ಇನ್ನೊಂದು ತುದಿಯಲ್ಲಿ ಅದಕ್ಕೆ ಸರಿತೂಗುವ ಕಬ್ಬಿಣದ ತೂಕಗಳು. ಕ್ಯಾಮೆರಾ ಬಿಚ್ಚುವ ಮುನ್ನ ತೂಕ ಇಳಿಸಲೇಬೇಕು. ಇಲ್ಲವಾದರೆ ಹಗುರಾದ ತುದಿ ಮೇಲಕ್ಕೆ ಚಿಮ್ಮುತ್ತದೆ, ಭಾರದ ತುದಿ ಕೆಳಗೆ ಅಪ್ಪಳಿಸುತ್ತದೆ. ಅಂದು ಸಂಜೆ ಬೆಳಕು ಹೋಗುತ್ತಿತ್ತು. ಮುಂದಿನ ಶಾಟ್‌ಗೆ ಟ್ರ್ಯಾಕ್ ಹೊತ್ತು ತರುವಂತೆ ಇವರನ್ನು ಓಡಿಸಿದ್ದರು. ತಿರುಗಿ ನೋಡಿದಾಗ ಕ್ಯಾಮೆರಾ ವಿಭಾಗದ ಒಬ್ಬರು ಅವಸರದಲ್ಲಿ ಕ್ಯಾಮೆರಾ ಬಿಚ್ಚುತ್ತಿದ್ದರು. ತೂಕದ ಪಕ್ಕದಲ್ಲಿ ಇವರ ಸಹಾಯಕ ಹುಡುಗ ನಿಂತಿದ್ದ.

“‘ಬಿಚ್ಚಬೇಡಿ’ ಎಂದು ಬಾಯಿಗೆ ಬಂತು ಮೇಡಂ. ಕ್ಯಾಮೆರಾದವರಿಗೆ ನಾನು ಹೇಳುವುದೇ ಎಂದು ಒಂದು ಗಳಿಗೆ ತಡೆದೆ.”

ಹುಡುಗನ ಭುಜದ ಮೂಳೆ ಮುರಿಯಿತು. ಜಿಬ್ ಇವರದ್ದಾದ್ದರಿಂದ ತಪ್ಪೂ ಇವರದ್ದೇ ಎಂದು ನಿರ್ಮಾಣದ ಕಡೆಯವರು ತೀರ್ಮಾನಿಸಿ ಕೂಲಿ ಹಿಡಿದಿಟ್ಟರು. ಇವರು ಎದುರು ಮಾತನಾಡಲಿಲ್ಲ, ಏಕೆಂದರೆ ಒಳಗೊಳಗೆ ಅದನ್ನು ನಂಬಿಬಿಟ್ಟಿದ್ದರು.

ನಿದ್ರೆ ಮತ್ತು ಬೆಚ್ಚುವಿಕೆಗಾಗಿ ಮೊದಲು ಮನೋವೈದ್ಯರ ಬಳಿಗೆ ಕಳುಹಿಸಿದೆ. ಹೊರಾಂಗಣ ಚಿತ್ರೀಕರಣದಲ್ಲಿರುವಾಗ ನಡುರಾತ್ರಿ ಕಂಗೆಟ್ಟರೆ ಕರೆ ಮಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಬರೆದುಕೊಟ್ಟೆ. ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ನಂತರ ಆ ಒಂದು ಗಳಿಗೆಯನ್ನು ಕೈಗೆತ್ತಿಕೊಂಡೆವು. ಯಾರು ಎಲ್ಲಿದ್ದರು, ಯಾರು ಯಾರಿಗೆ ಏನು ಹೇಳಿದ್ದರು ಎಂಬುದನ್ನು ಕಾಗದದ ಮೇಲೆ ಅವರ ಕೈಯಿಂದಲೇ ಬರೆಸಿದೆ. ಜಿಬ್ ಬಿಟ್ಟು ಹೋಗಲು ಹೇಳಿದವರು, ಕೇಳದೆ ಬಿಚ್ಚಿದವರು, ಅವಸರ ಮಾಡಿದವರು, ಎಲ್ಲರೂ ಆ ಹಾಳೆಯಲ್ಲಿ ಬಂದು ನಿಂತರು. ತಪ್ಪಿನಲ್ಲಿ ಇವರ ಪಾಲು ಇಲ್ಲವಾಗಲಿಲ್ಲ, ಆದರೆ ಅದು ಎಷ್ಟು ಎಂಬುದು ಕಣ್ಣಿಗೆ ಬಿತ್ತು.

ಇನ್ನೊಂದು ದಿನ, “ಟ್ರ್ಯಾಕ್ ಹಾಸುವುದನ್ನು ನನಗೆ ಕಲಿಸಿ” ಎಂದೆ. ತಲೆ ತಗ್ಗಿಸಿ ಕೂರುತ್ತಿದ್ದವರು ನೆಟ್ಟಗಾದರು. ಏರುತಗ್ಗಿನ ನೆಲದಲ್ಲಿ ಮರದ ಬೆಣೆ ಎಲ್ಲಿ ಕೊಡಬೇಕು, ರಸಮಟ್ಟವನ್ನು ಒಂದು ಹಳಿಯ ಮೇಲಷ್ಟೇ ಅಲ್ಲದೆ ಎರಡೂ ಹಳಿಗಳಿಗೆ ಅಡ್ಡಲಾಗಿ ಏಕೆ ಇಡಬೇಕು, ಎಲ್ಲವನ್ನೂ ಹೇಳಿದರು. ಕೊನೆಗೆ ಕಣ್ಣು ಮುಚ್ಚಿ ಮೇಜಿನ ಅಂಚಿನ ಮೇಲೆ ಉಗುರು ಸವರಿ ತೋರಿಸಿದರು: “ಜೋಡಣೆಯಲ್ಲಿ ಉಗುರು ಸಿಕ್ಕಿಕೊಂಡರೆ ಅಲ್ಲಿ ಚಿತ್ರವೂ ಕುಲುಕುತ್ತದೆ.” ಇಷ್ಟು ಬಲ್ಲವರನ್ನು ಸೆಟ್ಟಿನಲ್ಲಿ ಎಲ್ಲರೂ “ಏಯ್ ಟ್ರಾಲಿ” ಎಂದೇ ಕರೆಯುತ್ತಾರೆ. ಇದು ನನಗೆ ಸಹಿಸಲಾಗದ ಸಂಗತಿ.

ಹೆಸರಘಟ್ಟದ ಸರ್ಕಾರಿ ಸಂಸ್ಥೆಯಲ್ಲಿ ಛಾಯಾಗ್ರಹಣಕ್ಕೆ ಡಿಪ್ಲೊಮಾ ಇದೆ. ಆದರೆ ಟ್ರಾಲಿ ಕೆಲಸವನ್ನು ಹಿರಿಯರ ಬೆನ್ನಿಗೆ ನಿಂತೇ ಕಲಿಯಬೇಕು. ಬ್ರಿಟನ್ನಿನಲ್ಲಿ ಗ್ರಿಪ್‌ಗಳಿಗೆಂದೇ ವೃತ್ತಿ ಅರ್ಹತೆಯ ಪ್ರಮಾಣಪತ್ರವಿದೆ, ಲಾಸ್ ಏಂಜಲೀಸ್‌ನಲ್ಲಿ ಲೋಕಲ್ 80 ಎಂಬ ಅವರದೇ ಸಂಘವಿದೆ. ಇದನ್ನು ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: “ಅಲ್ಲಿ ಗ್ರಿಪ್ ಬೇಡ ಎಂದರೆ ನಿಲ್ಲಿಸುತ್ತಾರೆಯೇ?” ಕಸುಬಿಗೆ ವೃತ್ತಿಯ ಘನತೆ ಬರಬೇಕಾದರೆ ಆರಂಭ ಆ “ಬೇಡ”ಕ್ಕೆ ಬೆಲೆ ಕೊಡುವುದರಿಂದಲೇ ಆಗಬೇಕು ಎಂಬುದು ನನ್ನ ದೃಢ ನಂಬಿಕೆ. 2021ರ ಆಗಸ್ಟ್‌ನಲ್ಲಿ ಬಿಡದಿ ಹತ್ತಿರದ ಚಿತ್ರೀಕರಣದಲ್ಲಿ ಕ್ರೇನ್ ಹೈಟೆನ್ಷನ್ ತಂತಿಗೆ ತಗುಲಿ ಒಬ್ಬ ಸಾಹಸ ಕಲಾವಿದ ಪ್ರಾಣ ಕಳೆದುಕೊಂಡದ್ದನ್ನು ಅವರೇ ನೆನಪಿಸಿದರು.

ಹೀಗಾಗಿ ಸಲಹೆಯ ದೊಡ್ಡ ಪಾಲು ಬಾಯಿ ಬಿಡುವ ಅಭ್ಯಾಸವೇ ಆಯಿತು. ಈ ಅಭ್ಯಾಸದಲ್ಲಿ ನಾನು ಅವಸರದ ಸಹನಿರ್ದೇಶಕಿಯಾದೆ, ಅವರು ಅವರೇ ಆದರು. ಮೊದಮೊದಲು “ಸ್ವಲ್ಪ ನೋಡಿ ಸಾರ್” ಎಂದು ಗೊಣಗುತ್ತಿದ್ದರು. ವಾದ, ವಿವರಣೆ ಬೇಡ, ಎರಡು ಮಾತು ಸಾಕು ಎಂದೆ: “ತೂಕ ಇಳಿಸಿಲ್ಲ. ಯಾರೂ ಕ್ಯಾಮೆರಾ ಮುಟ್ಟಬೇಡಿ.” ಗಟ್ಟಿಯಾಗಿ, ಬೇಡಿಕೊಳ್ಳುವ ದನಿ ಬಿಟ್ಟು ಹೇಳುವವರೆಗೂ ಹೇಳಿಸಿದೆ. ದಿನದ ಆರಂಭದಲ್ಲಿಯೇ ಛಾಯಾಗ್ರಾಹಕರ ಬಳಿ ಹೋಗಿ, “ನಾನು ಕೈ ಎತ್ತಿದ ಮೇಲಷ್ಟೇ ಕ್ಯಾಮೆರಾ ಬಿಚ್ಚಬೇಕೆಂದು ನಿಮ್ಮವರಿಗೆ ಹೇಳಿ” ಎಂದು ಕೇಳಲು ಸೂಚಿಸಿದೆ. ಎಲ್ಲರ ಎದುರು ಸಂಜೆ ತಡೆಯುವುದಕ್ಕಿಂತ ಬೆಳಿಗ್ಗೆ ಒಪ್ಪಿಸಿಕೊಳ್ಳುವುದು ಸುಲಭ.

ಉಳಿದದ್ದು ಕಾಗದದ ಕೆಲಸ. ದಿನಗೂಲಿ, ಬೇಟಾ (ದಿನದ ಖರ್ಚಿನ ಭತ್ಯೆ), ಕೆಲಸದ ವೇಳೆ ಇವನ್ನು ಒಪ್ಪಿಕೊಳ್ಳುವ ಮುನ್ನ ಮೊಬೈಲ್ ಸಂದೇಶದಲ್ಲಾದರೂ ಬರೆಸಿಕೊಳ್ಳಿ ಎಂದೆ. ಸಿನಿಮಾ ಕಾರ್ಮಿಕರಿಗೆ ಲಿಖಿತ ಒಪ್ಪಂದ ಬೇಕೆಂದು 1981ರ ಕೇಂದ್ರ ಕಾಯ್ದೆಯೇ ಹೇಳಿತ್ತು. ಯಾವ ಚಿತ್ರ, ಯಾವ ಉಪಕರಣ, ಎಷ್ಟು ದಿನ ಎಂಬುದಕ್ಕೆ ಒಂದು ಪುಸ್ತಕ ಇಡಬೇಕು, ಛಾಯಾಗ್ರಾಹಕರ ಸಹಿ ಇದ್ದರೆ ಇನ್ನೂ ಒಳ್ಳೆಯದು. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯನ್ನು ತಾವೂ ಮಾಡಿಸಿ, ಹುಡುಗರಿಗೂ ಮಾಡಿಸಲು ಹೇಳಿದೆ. ಅದು ಅಪಘಾತದ ಸಾವಿಗೆ, ಅಂಗವೈಕಲ್ಯಕ್ಕೆ ಮಾತ್ರ. ಆಸ್ಪತ್ರೆಯ ಖರ್ಚಿಗಲ್ಲ ಎಂಬುದನ್ನೂ ತಿಳಿಸಿದೆ.

ಹುಡುಗನನ್ನು ನೋಡಲು ಹೋಗಲು ಅವರಿಗೆ ಮುಖವಿರಲಿಲ್ಲ. ಹೋಗಿ, ತಡೆದ ಆ ಗಳಿಗೆಯ ಮಾತನ್ನು ಅವನಿಗೇ ಹೇಳಿ ಎಂದೆ. ಹೋಗಿ ಬಂದರು. ಅಲ್ಲಿ ಆಡಿದ ಮಾತುಗಳನ್ನು ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ವಾರದಿಂದ ನಿದ್ರೆ ಸುಧಾರಿಸಿತು.

ಹೆಂಡತಿಯ ಭಯ ನ್ಯಾಯವಾದದ್ದು, ಅದನ್ನು ಸುಳ್ಳೆನ್ನಲು ನಾನು ಹೋಗಲಿಲ್ಲ. ಒಂದು ವರ್ಷ ಈ ಕ್ರಮದಲ್ಲಿ ದುಡಿದು ನೋಡುವುದು, ಆಮೇಲೆ ಕ್ಯಾಬ್‌ನ ಮಾತನ್ನು ಇಬ್ಬರೂ ಕೂತು ಆಡುವುದು ಎಂದು ಒಪ್ಪಿಕೊಂಡಿದ್ದಾರೆ. ಎರಡು ಯೂನಿಟ್ಟುಗಳಲ್ಲಿ ಅವರ ಬೆಳಗಿನ ಮಾತನ್ನು ಒಪ್ಪಿದರು. ಇನ್ನೊಂದು ಯೂನಿಟ್ಟಿನಲ್ಲಿ ಮರುದಿನ ಬೇರೆಯವರನ್ನು ಕರೆಸಿಕೊಂಡರು. ಹಿಡಿದಿಟ್ಟ ಕೂಲಿಯ ಬಗ್ಗೆ ಕಾರ್ಮಿಕರ ಒಕ್ಕೂಟಕ್ಕೆ ದೂರು ಕೊಟ್ಟಿದ್ದಾರೆ. ಹಣ ಇನ್ನೂ ಬಂದಿಲ್ಲ.